ಜೈಲಿನಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಬರೆದ ಕಾದಂಬರಿ

ಸಂಪಾದಕರೇ,

ಆಫ್ರಿಕಾ ಅಂದರೆ ಬರ, ಜಗಳ ಇಷ್ಟೇ ಅಂದುಕೊಂಡವರು ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರನ್ನು ಓದಬೇಕು. 1977ರಲ್ಲಿ ಕೀನ್ಯಾದ ಕಮಿರೀಥು ಎಂಬ ಹಳ್ಳಿಯಲ್ಲಿ ರೈತರು, ಕೂಲಿಗಳು ಸೇರಿ ಅಲ್ಲಿನ ಜನರ ಮಾತಾದ ಗಿಕುಯು ಭಾಷೆಯ ನಾಟಕ ಆಡಿದರು. ಬರೆದವರಲ್ಲಿ ಗೂಗಿ ಒಬ್ಬರು. ಸರ್ಕಾರ ನಾಟಕ ನಿಲ್ಲಿಸಿತು, ವಿಚಾರಣೆಯೇ ಇಲ್ಲದೆ ಅವರನ್ನು ಜೈಲಿಗೆ ಹಾಕಿತು. ಇಂಗ್ಲಿಷಿನಲ್ಲಿ ಬರೆದಾಗ ಸುಮ್ನಿದ್ದವರಿಗೆ ಊರಿನ ಮಾತು ಕೇಳಿ ಭಯವಾಯಿತು, ಅಲ್ವಾ? ಜೈಲಿನಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಗಿಕುಯುವಿನಲ್ಲೇ ಕಾದಂಬರಿ ಬರೆದರು. (ಆ ಪೇಪರ್ ಒರಟಾಗಿತ್ತಂತೆ. ಬರೆಯೋಕೆ ಅದೇ ಅನುಕೂಲ!) 1980ರಲ್ಲಿ ಅಚ್ಚಾದ ಮೇಲೆ ಅದನ್ನು ಮನೆಗಳಲ್ಲಿ, ಬಾರುಗಳಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಅಜ್ಜಿ ಹೇಳಿದ ಕತೆಯ ಹಾಗೆ. ನಮ್ಮ ಊರಿನ ಗ್ರಂಥಾಲಯಗಳಲ್ಲೂ ಇಂಥ ಪುಸ್ತಕಗಳ ಕನ್ನಡ ಅನುವಾದ ಜಾಸ್ತಿ ಸಿಗಲಿ.

– ಒಬ್ಬ ಓದುಗ, ಧಾರವಾಡ