ಹತ್ತಕ್ಕೆ ತೆರೆದು ಹತ್ತೂಕಾಲಿಗೆ ಮುಗಿಯುವ ಸೀಟು

ಮಾನ್ಯ ಸಂಪಾದಕರೆ,

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್ ಇಟ್ಟುಕೊಂಡು ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಅಡ್ಮಿಷನ್ ದಿನಗಳು ಅಂದರೆ ನನಗೆ ಸುಗ್ಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಈಗ ಬರೆಯುತ್ತಿರುವುದು ನನ್ನ ವ್ಯಾಪಾರಕ್ಕೇ ಕಲ್ಲು ಹಾಕುವ ಮಾತು.

ಎಂ.ಎ., ಎಂ.ಎಸ್ಸಿ. ಓದುವ ಮಕ್ಕಳು ಬೇರೆ ವಿಭಾಗದ ಒಂದು ವಿಷಯವನ್ನೂ ತೆಗೆದುಕೊಳ್ಳಬೇಕು. ಅದಕ್ಕೆ ಓಪನ್ ಇಲೆಕ್ಟಿವ್ ಅನ್ನುತ್ತಾರೆ. ಒಳ್ಳೆಯ ಪದ್ಧತಿಯೇ. ಕನ್ನಡ ಓದುವವರು ಪತ್ರಿಕೋದ್ಯಮ ಕಲಿಯಬಹುದು, ಇತಿಹಾಸದವರು ಕಂಪ್ಯೂಟರ್ ಕಲಿಯಬಹುದು. ತೊಂದರೆ ಇರೋದು ಸೀಟು ಹಂಚುವುದರಲ್ಲಿ. ಬೆಳಿಗ್ಗೆ ಹತ್ತಕ್ಕೆ ಪೇಜು ತೆರೆಯುತ್ತದೆ, ಮೊದಲು ಬಂದವರಿಗೆ ಮೊದಲು. ಹತ್ತೂಕಾಲಿಗೆ ಎಲ್ಲರಿಗೂ ಬೇಕಾದ ವಿಷಯಗಳು ಖಾಲಿ. ಯಾವ ಕ್ಯಾಂಪಸ್ ಅಂತ ಬರೆಯುವುದಿಲ್ಲ. ಈ ಊರಲ್ಲಿ ಕ್ಯಾಂಪಸ್‌ಗಳಿಗೇನೂ ಬರ ಇಲ್ಲ.

ಈ ಸಲ ಆ ದಿನ ಜಿಟಿಜಿಟಿ ಮಳೆ. ಒಂಬತ್ತೂವರೆಗೇ ಅಂಗಡಿಯ ತುಂಬ ಒದ್ದೆ ಬ್ಯಾಗು, ಕೊಡೆ. ಸವಣೂರು ಕಡೆಯ ಒಬ್ಬ ಹುಡುಗಿ ಮೊದಲ ಬಸ್ಸಿಗೆ ಹೊರಟು, ಹುಬ್ಬಳ್ಳಿಯಲ್ಲಿ ಚಿಗರಿ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು) ಹತ್ತಿ ಬಂದಿದ್ದಳು. ಹಾಸ್ಟೆಲ್ ಇನ್ನೂ ಸಿಕ್ಕಿಲ್ಲ, ಊರಲ್ಲಿ ನೆಟ್ ನಿಲ್ಲುವುದಿಲ್ಲ. ಹತ್ತು ಗಂಟೆಗೆ ಸರಿಯಾಗಿ ಲಾಗಿನ್ ಮಾಡಿದೆವು. ಓಟಿಪಿ ಹೋಗಿದ್ದು ಅವರಪ್ಪನ ಫೋನಿಗೆ. ಅರ್ಜಿ ಹಾಕುವಾಗ ಇವಳಿಗೆ ಸ್ವಂತ ಸಿಮ್ ಇರಲಿಲ್ಲ, ಅಪ್ಪನ ನಂಬರೇ ಕೊಟ್ಟಿದ್ದಳು. ಅಪ್ಪ ಹೊಲದಲ್ಲಿ ಗೋವಿನಜೋಳಕ್ಕೆ ಎಡೆ ಹೊಡೆಯುತ್ತಿದ್ದರು. ನಾಲ್ಕನೇ ಸಲಕ್ಕೆ ಫೋನ್ ಎತ್ತಿದರು.

"ಯಪ್ಪಾ, ಫೋನಿಗೆ ಆರು ನಂಬರ್ ಬಂದಾವ, ಲಗೂನ ಓದು."

"ತಡಿಯವಾ, ಚಾಳೀಸ (ಕನ್ನಡಕ) ಮನ್ಯಾಗ ಐತಿ."

ಪಕ್ಕದ ಹೊಲದ ಹುಡುಗನನ್ನು ಕೂಗಿ ಕರೆದು ಓದಿಸುವಷ್ಟರಲ್ಲಿ ಓಟಿಪಿ ಅವಧಿ ಮುಗಿಯಿತು. ಎರಡನೆಯದು ಬರಲೇ ಇಲ್ಲ. ಮೂರನೆಯದು ಸರಿಯಾಗಿ ಬಿತ್ತು, ಆದರೆ ಪೇಜಿನ ಮೇಲೆ ಚಕ್ರ ತಿರುಗುತ್ತಾ ಕೂತಿತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿ.ಮೀ. ಅಷ್ಟು ದೂರ ಚಿಗರಿ ಬರುವುದರೊಳಗೂ ಅದು ತೆರೆಯುತ್ತಿರಲಿಲ್ಲವೇನೋ! ಕೊನೆಗೆ ತೆರೆದಾಗ ಪತ್ರಿಕೋದ್ಯಮದ ಮುಂದೆ ಸೊನ್ನೆ. ಉಳಿದಿದ್ದು ಸಂಖ್ಯಾಶಾಸ್ತ್ರ. ಹತ್ತನೇ ಕ್ಲಾಸಿಗೇ ಲೆಕ್ಕ ಬಿಟ್ಟ ಹುಡುಗಿ ಅವಳು. ಏನೂ ಮಾತಾಡದೆ ಪ್ರಿಂಟ್ ತೆಗೆಸಿಕೊಂಡು, ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಅವಳ ಹಿಂದೆಯೇ ಒಬ್ಬ ಹುಡುಗ ಬಂದು, ರೂಮಿನ ವೈಫೈನಲ್ಲಿ ಎರಡೇ ನಿಮಿಷಕ್ಕೆ ಆಯಿತು ಅಂದ. ಅವನದೇನೂ ತಪ್ಪಿಲ್ಲ ಬಿಡಿ.

ಡಿಗ್ರಿ ಮಕ್ಕಳ ಗೋಳು ಬೇರೆಯೇ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಡಿಗ್ರಿ ಅಂದರು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದರು. ಅಣ್ಣನಿಗೆ ಒಂದು ನಿಯಮ, ತಮ್ಮನಿಗೆ ಇನ್ನೊಂದು. ಇದರ ಮೇಲೆ 12 ಅಂಕಿಯ ಎಬಿಸಿ ಐಡಿ, ಅಂದರೆ ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆಯ ನಂಬರು. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮುಂದಿದ್ದರೆ ಆಧಾರ್‌ನಲ್ಲಿ ಹಿಂದಿರುತ್ತದೆ. ಅಷ್ಟಕ್ಕೇ ತಕರಾರು ಶುರು. ಕೌಂಟರ್‌ನಲ್ಲಿ ಕೂತವರು ಸಿಡುಕುತ್ತಾರೆ ಅಂತ ಮಕ್ಕಳು ಬೈಯುತ್ತಾರೆ, ಆದರೆ ಅವರಾದರೂ ಎಷ್ಟು ಅಂತ ನೆನಪಿಟ್ಟುಕೊಳ್ಳಬೇಕು?

ಇವೆಲ್ಲ ಒಂದೇ ದಿನಕ್ಕೆ ಸರಿಹೋಗುವಂಥವಲ್ಲ. ಆದರೆ ಇಲೆಕ್ಟಿವ್ ಸೀಟಿನದು ಹಾಗಲ್ಲ. ಸಿಇಟಿಯನ್ನೇ ನೋಡಿ. ಅಲ್ಲಿ ಆಪ್ಷನ್ ಎಂಟ್ರಿಗೆ ದಿನಗಟ್ಟಲೆ ಸಮಯ ಕೊಡುತ್ತಾರೆ. ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಹಾಕಿಡಬಹುದು, ಆಮೇಲೆ ಬದಲಿಸಬಹುದು. ಸೀಟು ಸಿಗುವುದು ರ‍್ಯಾಂಕ್ ಮೇಲೆ, ಯಾರು ಮೊದಲು ಬಟನ್ ಒತ್ತಿದರು ಅನ್ನುವುದರ ಮೇಲಲ್ಲ. ಇಡೀ ರಾಜ್ಯದ ಮಕ್ಕಳಿಗೆ ಹೀಗೆ ಮಾಡಲು ಆಗುತ್ತದೆ ಅಂದಮೇಲೆ ಒಂದು ಕ್ಯಾಂಪಸ್ಸಿನ ಮಕ್ಕಳಿಗೆ ಮಾಡುವುದು ಕಷ್ಟವೇ? ಒಂದು ವಾರ ಪೇಜು ತೆರೆದಿಡಲಿ. ಒಬ್ಬೊಬ್ಬರೂ ಮೂರು ವಿಷಯ ಬರೆಯಲಿ. ಅಂಕದ ಮೇಲೆ ಕೊಡುತ್ತಾರೋ, ಚೀಟಿ ಎತ್ತುತ್ತಾರೋ, ಅದು ಅವರಿಗೆ ಬಿಟ್ಟಿದ್ದು. ಚೀಟಿಯೇ ವಾಸಿ ಅಂತ ನನಗನ್ನಿಸುತ್ತದೆ. ಅಂಕ ಜಾಸ್ತಿ ಇದ್ದವರಿಗೆ ಎಲ್ಲ ಕಡೆಯೂ ಬಾಗಿಲು ತೆರೆದೇ ಇರುತ್ತದಲ್ವಾ? ಯಾವ ವಿಷಯಕ್ಕೆ ಎಷ್ಟು ಸೀಟು ಅನ್ನುವುದನ್ನು ಮೊದಲೇ ನೋಟಿಸ್ ಬೋರ್ಡಿಗೆ ಹಾಕಲಿ.

ಪೋರ್ಟಲ್‌ನಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ವಿಭಾಗದ ಆಫೀಸಿನಲ್ಲಿ ಕಾಗದದ ಫಾರ್ಮ್ ಇಡಲಿ. ಮೊದಲ ವರ್ಷ ಎಷ್ಟು ಫಾರ್ಮ್ ಬೇಕಾದರೂ ನಾನು ಪುಕ್ಕಟೆ ಝೆರಾಕ್ಸ್ ಮಾಡಿಕೊಡುತ್ತೇನೆ.

- ಒಬ್ಬ ಝೆರಾಕ್ಸ್ ಅಂಗಡಿಯವ, ಸಪ್ತಾಪುರ, ಧಾರವಾಡ