ಹಡಗಿನವರಿಗೆ, ಇಳಕಲ್ಲಿನಿಂದ

ಪಿಎಚ್‌ಡಿ ವೈವಾ ಮುಗಿಯಿತು. ಹೆಸರಿನ ಹಿಂದೆ ಡಾಕ್ಟರ್ ಸೇರಿದ್ದೇ ತಡ, ಓಣಿಯ ಅಜ್ಜಿಯರು ಮೊಣಕಾಲು ನೋವು ತೋರಿಸಲು ಬರುತ್ತಿದ್ದಾರೆ. ಅಮೀನಗಡದ ಕರದಂಟು ಎಲ್ಲರಿಗೂ ಹಂಚಿಯಾಯಿತು. ಆದರೆ ಮೊದಲು ಕೊಡಬೇಕಾದವರು, ನಾನು ಸಂಶೋಧನೆಗೆ ಹೋಗಿದ್ದ ಹಡಗಿನವರು, ಈಗ ಯಾವ ಸಮುದ್ರದಲ್ಲಿದ್ದಾರೋ. ಈ ಬರಹ ಅವರಿಗೆ.

ಸಮುದ್ರತಳದ ಮಣ್ಣಿನ ಮೇಲಿನ ನನ್ನ ಥೀಸಿಸ್ ಬಗ್ಗೆ ನಿಮ್ಮನ್ನೆಲ್ಲ ಈಗಾಗಲೇ ಸಾಕಷ್ಟು ಕೊರೆದಿದ್ದೇನೆ. ನಾನು ಹಡಗಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡ ವಿಷಯವೂ ನಿಮಗೆ ಗೊತ್ತಿದೆ. ಎರಡನ್ನೂ ಮತ್ತೆ ಉದ್ದಕ್ಕೆ ಬರೆಯುವುದಿಲ್ಲ.

ನಮ್ಮ ಕಡೆ ಹಡಗು ಅಂದರೆ ಕ್ಯಾಪ್ಟನ್ ಒಬ್ಬನೇ ನಡೆಸುತ್ತಾನೆ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸಂಶೋಧನಾ ಹಡಗಿನಲ್ಲಿ ನಾವು ವಿಜ್ಞಾನದವರು ಬಂದು ಹೋಗುವವರು. ಅದು ನಡೆಯುವುದು ಡೆಕ್‌ನವರು, ಎಂಜಿನ್‌ನವರು, ಅಡುಗೆಮನೆಯವರು ಇವರಿಂದ. ಸಮುದ್ರತಳದ ಮಣ್ಣು ತೆಗೆಯಲು ಉದ್ದದ ಉಕ್ಕಿನ ಕೊಳವೆಯನ್ನು 3,000 ಮೀಟರ್ ಕೆಳಗೆ ಬಿಡುತ್ತೇವೆ. ಇಳಿಸಲು ಸುಮಾರು ಒಂದು ತಾಸು, ಎತ್ತಲು ಇನ್ನೊಂದು. ಗಾಳಿ ಒಂದು ಕಡೆ, ನೀರಿನ ಹರಿವು ಇನ್ನೊಂದು ಕಡೆ ತಳ್ಳುತ್ತಿದ್ದರೂ ಅಷ್ಟು ಹೊತ್ತು ಹಡಗು ಇದ್ದಲ್ಲೇ ನಿಲ್ಲಬೇಕು. ಮಧ್ಯರಾತ್ರಿಯ ಪಾಳಿಯಲ್ಲಿ ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿ ನಿಂತ ಸೆಕೆಂಡ್ ಆಫೀಸರ್, ಕೆಳಗಿನ ಸೆಕೆಯಲ್ಲಿ ಎಂಜಿನ್ ಕಾದ ಎಂಜಿನಿಯರ್‌ಗಳು ಮತ್ತು ಯಂತ್ರಕ್ಕೆ ಎಣ್ಣೆ ಹಾಕುವ ಆಯಿಲರ್‌ಗಳು, ಕೊಳವೆ ಇಳಿಸಿ ಎತ್ತುವ ವಿಂಚ್ ಕೆಟ್ಟಾಗಲೆಲ್ಲ ನಿದ್ದೆಗಣ್ಣಲ್ಲೇ ಓಡಿ ಬಂದ ಎಲೆಕ್ಟ್ರಿಕಲ್ ಆಫೀಸರ್, ರೊಟ್ಟಿ ಇಲ್ಲದೆ ಮುಖ ಸಪ್ಪಗೆ ಮಾಡಿಕೊಂಡವಳಿಗೆ ಶೇಂಗಾ ಚಟ್ನಿ ಮಾಡಿಕೊಟ್ಟ ಚೀಫ್ ಕುಕ್, ನಿಮಗೆಲ್ಲ ಕೈಮುಗಿದು ನಮಸ್ಕಾರ.

ಕ್ಯಾಪ್ಟನ್ ಸರ್‌ಗೆ, ನಮ್ಮ ಚೀಫ್ ಸೈಂಟಿಸ್ಟ್ ಮೇಡಂಗೆ ಬೇರೆಯಾಗಿ ಹೇಳಿದ್ದೇನೆ.

ಇನ್ನು ಬೋಸನ್ ಕಾಕಾ. ಡೆಕ್ ಮೇಲಿನ ಖಲಾಸಿಗಳಿಗೆಲ್ಲ ಅವರೇ ಹಿರಿಯ. ಹಗ್ಗ, ಕ್ರೇನ್, ವಿಂಚ್ ಎಲ್ಲ ಅವರ ಕೈಸನ್ನೆಯ ಮೇಲೆ ನಡೆಯಬೇಕು. ಕಾರವಾರದ ಕಡೆಯವರು. ಹೆಲ್ಮೆಟ್ ಹಾಕದೆ ಡೆಕ್‌ಗೆ ಕಾಲಿಟ್ಟರೆ ವಿಜ್ಞಾನಿ ಅಂತಲೂ ನೋಡದೆ ಬೈಯುತ್ತಿದ್ದರು. ನನಗೆ ಅವರನ್ನು ಕಂಡರೆ ಹೆದರಿಕೆ ಇತ್ತು.

ಅಪ್ಪ ಹೋದ ದಿನ ಮಧ್ಯಾಹ್ನ ಸ್ಯಾಟಲೈಟ್ ಫೋನಿನಲ್ಲಿ ಅಕ್ಕ ಹೇಳಿದಳು: "ಸಂಜಿಗೆ ಮಣ್ಣು ಮಾಡತೀವಿ. ನೀ ಬರೂದು ಆಗೂದಿಲ್ಲಲ್ಲ." ಅರಬ್ಬೀ ಸಮುದ್ರದ ನಡುವೆ ಇದ್ದೆವು. ಹಡಗಿನ ವೇಗ 10 ನಾಟ್, ಅಂದರೆ ಗಂಟೆಗೆ 18 ಕಿಲೋಮೀಟರ್ ಚಿಲ್ಲರೆ, ಕಬ್ಬು ಹೇರಿದ ಟ್ರ್ಯಾಕ್ಟರ್ ಹೋದ ಹಾಗೆ. ಹಡಗು ಆಗಲೇ ತಿರುಗಿದ್ದರೂ ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ನನ್ನ ಕೆಲಸವೇ ಮಣ್ಣು. ಅರಬ್ಬೀ ಸಮುದ್ರದ ಆಳದಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೂಡುವ ಮಣ್ಣು. ದಿನವಿಡೀ ಅದನ್ನು ಹೋಳು ಮಾಡಿ, ನಂಬರ್ ಬರೆದು, ಚೀಲಕ್ಕೆ ತುಂಬುವವಳು ನಾನು. ಹೆತ್ತ ಅಪ್ಪನಿಗೆ ಒಂದು ಹಿಡಿ ಹಾಕಲು ಆಗಲಿಲ್ಲ. ಆ ಸಂಜೆ ಲ್ಯಾಬಿನಲ್ಲಿ ಆ ಚೀಲಗಳನ್ನು ನೋಡಿದರೇ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ.

ಬೋಸನ್‌ಗೆ ರಾತ್ರಿ ಪಾಳಿ ಇರಲಿಲ್ಲ. ಬೆಳಿಗ್ಗೆ ಆರಕ್ಕೇ ಡೆಕ್ ಮೇಲಿರಬೇಕಾದವರು. ಆದರೂ ರಾತ್ರಿ ಹನ್ನೊಂದರ ಮೇಲೆ ಲ್ಯಾಬಿಗೆ ಬಂದರು. ಕೈಯಲ್ಲಿ ಒಂದು ಸ್ಟೀಲ್ ಬಟ್ಟಲು. ಕೊಳವೆಯ ಬಾಯಿಗೆ ಅಂಟಿದ ಮಣ್ಣು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಪೈಪ್ ಹಿಡಿದು ತೊಳೆದುಬಿಡುತ್ತಾರೆ. "ಇದನ್ನ ತೊಳೀಲಿಲ್ಲ ತಂಗಿ," ಅಂದರು. ಮುಂದೆ ಏನೂ ಹೇಳಲಿಲ್ಲ.

ಇಬ್ಬರೂ ಹಿಂಬದಿಯ ಡೆಕ್‌ಗೆ ಹೋದೆವು. ಹೆಲ್ಮೆಟ್, ಲೈಫ್ ಜಾಕೆಟ್ ಅವರೇ ಹಾಕಿಸಿದರು. ಬ್ರಿಜ್‌ಗೆ ವಾಕಿಟಾಕಿಯಲ್ಲಿ ತಿಳಿಸಿದರು. ಅಷ್ಟರಲ್ಲೂ ನಿಯಮ ನಿಯಮವೇ ಅಲ್ವಾ! ಒಂದು ಹಿಡಿ ತೆಗೆದು ನೀರಿಗೆ ಬಿಟ್ಟೆ. ಅಪ್ಪನ ಹೆಸರು ಕೂಗಿ ಹೇಳಿದೆ. ಅಳು ಬಂದದ್ದು ಆಗಲೇ.

ಬೆಳಗಾಗುವವರೆಗೂ ಅವರು ಮಲಗಲು ಹೋಗಲಿಲ್ಲ. ಸಮಾಧಾನದ ಮಾತೂ ಆಡಲಿಲ್ಲ. ಅಪ್ಪ ಏನು ಮಾಡುತ್ತಿದ್ದರು ಅಂತ ಕೇಳಿದರು. ನೇಕಾರ ಅಂದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಮತ್ತು ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದನ್ನು ವಿವರಿಸಿದೆ. ಹಗ್ಗದ ಮನುಷ್ಯ, ಬಿಡಲಿಲ್ಲ. ಕೊಂಡಿ ಜಾರುವುದಿಲ್ಲವೇ, ಎಳೆ ತುಂಡಾದರೆ ಏನು ಮಾಡುತ್ತೀರಿ, ಯಾರು ಕೂರುತ್ತಾರೆ ಅದಕ್ಕೆ? ಆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ರಾತ್ರಿ ಕಳೆಯಿತು. ಆರಕ್ಕೆ ಅವರು ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಹೋದರು. ಆ ದಿನವೂ ಯಾರನ್ನೋ ಬೈದರು, ಕೇಳಿಸಿತು.

ಮಣ್ಣು ತೆಗೆಯುವ ಮುಂದಿನ ಜಾಗದಲ್ಲಿ ನಾನೂ ಡೆಕ್‌ಗೆ ಇಳಿದೆ. ಮಿಕ್ಕ ಕೊಳವೆಗಳೂ ಬಂದವು, ಥೀಸಿಸ್ ಆಯಿತು.

ಕಾಕಾ ಇಂಥದ್ದೆಲ್ಲ ಓದುವವರಲ್ಲ. ಸೆಕೆಂಡ್ ಆಫೀಸರ್ ಸರ್, ಅವರು ಸಿಕ್ಕರೆ ಓದಿ ಹೇಳಿ. ಅವ್ವ ಕಾಕೂಗೆ ಅಂತ ಗೋಮಿ ದಡಿಯ ಸೀರೆ, ಗುಳೇದಗುಡ್ಡದ ಖಣ ಕೊಡಬೇಕು ಅಂತಿದ್ದಾಳೆ. ದಾಳಿಂಬೆ ಬಣ್ಣ ಬೇಕೋ, ಗಿಳಿಹಸಿರೋ ಕೇಳಿ ತಿಳಿಸಿ. ಮನೆ ವಿಳಾಸವನ್ನೂ ವಾಟ್ಸಾಪ್ ಮಾಡಿಸಿ. ಬೇಡ ಅಂತಾರೆ, ಬಿಡಬೇಡಿ.