ಅಜ್ಜಿ ಗುಕ್ಸು

ಬಂಧುಗಳೇ, ನಮಸ್ಕಾರ.

ರಾತ್ರಿ ಹನ್ನೊಂದೂವರೆ. ನಾಳೆ ಬೆಳಗ್ಗೆ ಸುದ್ದಿಪತ್ರ ನಿಮ್ಮ ಫೋನಿಗೆ ಬರಬೇಕು. ಉಳಿದ ಪುಟಗಳೆಲ್ಲ ಸಿದ್ಧ, ಇದೊಂದು ಜಾಗ ಮಾತ್ರ ಖಾಲಿ. ಗೌರಿ ಗಣೇಶ ಹಬ್ಬದ ಬಗ್ಗೆ ಬರೆಯೋಣ ಅಂತ ಕೂತೆ. ಮನಸ್ಸು ಮಾತ್ರ ಇವತ್ತು ಊಟಕ್ಕೆ ಮಾಡಿದ ಬಿಬಿಮ್ ಗುಕ್ಸು (ಖಾರ ಕಲಸಿದ ಕೊರಿಯಾದ ತಣ್ಣನೆ ಶ್ಯಾವಿಗೆ) ಹತ್ತಿರವೇ ಸುತ್ತುತ್ತಿದೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಸೆಕೆ ದಿನಗಳಲ್ಲಿ ಕೊನೆಯದಾದ ಮಾಲ್ಬೊಕ್ ಕಳೆದರೂ ದಕ್ಷಿಣ ಕೊರಿಯಾದ ನಮ್ಮ ಸುವಾನ್‌ನಲ್ಲಿ ಸೆಕೆ ಇಳಿದಿಲ್ಲ, ನಿಮಗೂ ಗೊತ್ತಲ್ಲ. ಹಬ್ಬದ ಹಾಡಿನ ಅಭ್ಯಾಸ ಮುಗಿಸಿ ಮನೆಗೆ ಬಂದಾಗ ಎಂಟು ಗಂಟೆ. ಅನ್ನ, ಸಾರು ಅಂತ ಒಲೆ ಮುಂದೆ ನಿಲ್ಲುವ ತ್ರಾಣ ಇರಲಿಲ್ಲ. ಇಂಥ ದಿನಗಳಿಗೇ ಬಿಬಿಮ್ ಗುಕ್ಸು ಇರುವುದು. ಐದು ನಿಮಿಷ ಒಲೆ ಉರಿಸಿದರೆ ಮುಗಿಯಿತು, ಉಳಿದದ್ದೆಲ್ಲ ತಣ್ಣೀರಿನ ಕೆಲಸ.

ಇದನ್ನು ನನಗೆ ಕಲಿಸಿದ್ದು ಕೆಳಗಿನ ಮನೆಯ ಹಲ್ಮೊನಿ, ಅಂದರೆ ಅಜ್ಜಿ. ಎಂಟು ವರ್ಷದ ಹಿಂದಿನ ಮಾತು. ನಾವು ಇಲ್ಲಿಗೆ ಬಂದ ಮೊದಲ ಬೇಸಿಗೆ. ಜಾಂಗ್ಮಾ ಮಳೆ ಹಿಡಿದು ಬಟ್ಟೆ ಒಣಗುತ್ತಿರಲಿಲ್ಲ. ಮಗಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನನಗೆ ಭಾಷೆ ಬರುತ್ತಿರಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ಸಿಕ್ಕ ಹಲ್ಮೊನಿ ನನ್ನ ಮುಖ ನೋಡಿ "ಬಾಪ್ ಮೊಗೊಸ್ಸೊ?" ಅಂದರು. ಅರ್ಥ ಗೊತ್ತಿಲ್ಲದೆ ಸುಮ್ನೆ ನಕ್ಕೆ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ, "ಊಟ ಆಯ್ತಾ?" ಅಂತ! ನಮ್ಮೂರಲ್ಲಿ ಜಗಲಿ ಮೇಲೆ ಕೂತವರು ದಾರಿಯಲ್ಲಿ ಹೋಗುವವರನ್ನು ಕೇಳುವ ಅದೇ ಮಾತು. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಮಾರನೇ ದಿನ ಅವರೇ ಮೇಲೆ ಬಂದರು. ಕೈಯಲ್ಲಿ ಸೋಮ್ಯೊನ್ (ಗೋಧಿಯ ತೆಳು ಶ್ಯಾವಿಗೆ) ಪೊಟ್ಟಣ, ಒಂದು ಡಬ್ಬಿ ಗೊಚುಜಾಂಗ್ (ಹುದುಗಿಸಿದ ಮೆಣಸಿನ ಗೊಜ್ಜು), ಎರಡು ಸೌತೆಕಾಯಿ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಶುರು ಮಾಡಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ 500 ವೊನ್ ನಾಣ್ಯದಷ್ಟು ಉಂಗುರ ಮಾಡಿ, ಅದರೊಳಗೆ ಹಿಡಿಸುವಷ್ಟು ಎಳೆ ಒಬ್ಬರಿಗೆ ಅಂತ ತೋರಿಸಿದರು. ನೀರು ಕುದಿಯುವಾಗ ಎಳೆ ಹಾಕಿದರು. ನೊರೆ ಉಕ್ಕಿ ಬಂದ ಕೂಡಲೇ ಅರ್ಧ ಲೋಟ ತಣ್ಣೀರು ಸುರಿದರು. ಮತ್ತೆ ಉಕ್ಕಿತು, ಮತ್ತೆ ತಣ್ಣೀರು. ಮೂರು, ಮೂರೂವರೆ ನಿಮಿಷಕ್ಕೆ ಇಳಿಸಿ, ಜರಡಿಗೆ ಸುರಿದು, ನಲ್ಲಿ ಕೆಳಗೆ ಹಿಡಿದರು.

ಆಮೇಲೆ ಅವರು ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಾನು ಬೆಂದ ಶ್ಯಾವಿಗೆಯನ್ನು ಎಲ್ಲಿ ಮುರಿಯುತ್ತೋ ಅಂತ ಹೂವಿನ ಹಾಗೆ ಮುಟ್ಟುವವಳು. ಅವರು ಎರಡೂ ಕೈ ಹಾಕಿ, ಬಟ್ಟೆ ಕುಸುಬುವ ಹಾಗೆ ಉಜ್ಜಿದರು. ನೀರು ಬೆಳ್ಳಗೆ ಗಂಜಿಯ ಹಾಗೆ ಹರಿಯಿತು. ನೀರು ತಿಳಿಯಾಗುವವರೆಗೂ ಮೂರು ಸಲ ತೊಳೆದರು. ಆ ಗಂಜಿ ಹೋಗದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಖಾರವೂ ಸರಿಯಾಗಿ ಹಿಡಿಯುವುದಿಲ್ಲ. ಕೊನೆಯ ಸಲ ಐಸ್ ನೀರು. ಬಾಚಿ ಎತ್ತಿ, ಬೆರಳಿಗೆ ಸುತ್ತಿ, ತುರುಬು ಕಟ್ಟಿದ ಹಾಗೆ ಒಂದೊಂದೇ ಸುರುಳಿ ಮಾಡಿ ತಟ್ಟೆಗಿಟ್ಟರು. ನೀರು ಸೋರಿ ಹೋಗಲಿ ಅಂತ ಆ ಸುರುಳಿಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರು.

ಕಲಸುವ ಖಾರಕ್ಕೆ ಅವರ ಹತ್ತಿರ ಅಳತೆ ಇಲ್ಲ. ನಾನು ಆಮೇಲೆ ಹತ್ತಾರು ಸಲ ಮಾಡಿ ಕಂಡುಕೊಂಡದ್ದು ಇದು. ಇಬ್ಬರಿಗೆ 200 ಗ್ರಾಂ ಸೋಮ್ಯೊನ್. ಊಟದ ಚಮಚದಲ್ಲಿ 2 ಚಮಚ ಗೊಚುಜಾಂಗ್, 1 ಚಮಚ ಗೊಚುಗಾರು (ಕೊರಿಯಾದ ಮೆಣಸಿನಪುಡಿ), 2 ಚಮಚ ವಿನೆಗರ್, 1 ಚಮಚ ಸಕ್ಕರೆ, 1 ಚಮಚ ಸೋಯಾ ಸಾಸ್, ಒಂದೆರಡು ಎಸಳು ಜಜ್ಜಿದ ಬೆಳ್ಳುಳ್ಳಿ. ಎಳ್ಳೆಣ್ಣೆ ಕೊನೆಗೆ, ತಟ್ಟೆಗೆ ಹಾಕುವಾಗ. ಮೇಲೆ ಉದ್ದಕ್ಕೆ ಹೆಚ್ಚಿದ ಸೌತೆಕಾಯಿ, ಹುರಿದ ಎಳ್ಳು. ಖಾರ ಹಿಂದಿನ ದಿನವೇ ಕಲಸಿ ಫ್ರಿಜ್ಜಿನಲ್ಲಿಟ್ಟರೆ ರುಚಿ ಇನ್ನೂ ಕೂಡುತ್ತದೆ. ಸಸ್ಯಾಹಾರಿಗಳು ಕಿಮ್ಚಿ (ಹುದುಗಿಸಿದ ತರಕಾರಿ) ಹಾಕುವ ಮುಂಚೆ ಡಬ್ಬಿ ಓದಿ, ಅದಕ್ಕೆ ಮೀನು ಇಲ್ಲವೇ ಸಿಗಡಿಯ ಸಾರ ಸೇರಿಸುವುದೇ ಜಾಸ್ತಿ. ಅಂಗಡಿಯ ನೆಂಗ್‌ಮ್ಯೊನ್ (ತಣ್ಣನೆ ಶ್ಯಾವಿಗೆ) ತಿಳಿಸಾರು ಹೆಚ್ಚಾಗಿ ದನದ ಮಾಂಸದ್ದು. ಮನೆಯಲ್ಲಿ ಮಾಡಿಕೊಂಡರೆ ಈ ಯಾವ ಯೋಚನೆಯೂ ಇಲ್ಲ.

ಈಗ ಹಾಸನದ ಕಥೆಗೆ ಬರುತ್ತೇನೆ. ಸ್ಕೂಲ್ ರಜೆಗೆ ಮೂರು ವಾರ ಅಮ್ಮನ ಮನೆಗೆ ಹೋಗಿದ್ದೆವು. ಎರಡನೇ ವಾರ. ಹೊರಗೆ ಸೋನೆ ಮಳೆ. ಅಮ್ಮ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದ್ದರು. ಮಗಳು ತಟ್ಟೆ ನೋಡುತ್ತಾ ಕೂತವಳು, ಮೆಲ್ಲಗೆ "ಅಜ್ಜಿ, ನಂಗೆ ಮನೆ ಊಟ ಬೇಕು" ಅಂದಳು.

ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾನು ಎಂಟು ವರ್ಷದಿಂದ ಸುವಾನ್‌ನಲ್ಲಿ ಕೂತು "ಮನೆ ಊಟ" ಅಂತ ನೆನೆಸಿಕೊಂಡು ಬಾಯಲ್ಲಿ ನೀರೂರಿಸಿಕೊಂಡದ್ದು ಇದೇ ತಟ್ಟೆಯನ್ನಲ್ವಾ? ಮಗಳಿಗೆ ಬೇಕಾಗಿದ್ದದ್ದು ಬಿಬಿಮ್ ಗುಕ್ಸು. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ಈ ಮಳೇಲಿ ತಣ್ಣಗಿರೋದನ್ನ ತಿಂತಾರೇನೇ?" ಅಂತ ಕೇಳಿ, "ಏನೇನು ಬೇಕು ಹೇಳು, ಮಾಡಿ ಹಾಕೋಣ" ಅಂದರು.

ಗೊಚುಜಾಂಗ್ ಒಯ್ದಿರಲಿಲ್ಲ. ಅದು ಅಕ್ಕಿ, ಮೆಣಸಿನಪುಡಿ, ಹುದುಗಿಸಿದ ಸೋಯಾ ಪುಡಿ ಸೇರಿಸಿ ತಿಂಗಳುಗಟ್ಟಲೆ ಮಣ್ಣಿನ ಜಾಡಿಯಲ್ಲಿಟ್ಟು ಮಾಗಿಸುವ ಪದಾರ್ಥ, ಒಂದು ಸಂಜೆಗೆ ಆಗುವಂಥದ್ದಲ್ಲ. ಗೊಚುಗಾರು ಬದಲು ಬ್ಯಾಡಗಿ ಮೆಣಸಿನಪುಡಿ. ಇದು ಮಾತ್ರ ಚೆನ್ನಾಗಿ ಹೊಂದಿತು, ಎರಡರಲ್ಲೂ ಖಾರಕ್ಕಿಂತ ಬಣ್ಣ ಜಾಸ್ತಿ. ವಿನೆಗರ್ ಬದಲು ನಿಂಬೆಹುಳಿ, ಸಕ್ಕರೆ ಬದಲು ಬೆಲ್ಲ. ಕೊರಿಯಾದ ಎಳ್ಳೆಣ್ಣೆ ಹುರಿದ ಎಳ್ಳಿನದು, ಆ ಘಮ ನಮ್ಮ ಹಸಿ ಎಳ್ಳಿನ ಎಣ್ಣೆಯಲ್ಲಿ ಇಲ್ಲ. ಅದಕ್ಕೆ ಅಮ್ಮ ಎಳ್ಳು ಹುರಿದು ಕುಟ್ಟಿದರು. ಅಂಗಡಿ ಶ್ಯಾವಿಗೆ ತಂದು ಬೇಯಿಸಿದರೆ ಪುಡಿಪುಡಿಯಾಯಿತು. ಆಗ ಅಮ್ಮ ಅಟ್ಟದಿಂದ ಶ್ಯಾವಿಗೆ ಒರಳು ಇಳಿಸಿದರು. ಅಕ್ಕಿಹಿಟ್ಟು ತಿರುವಿ, ಉಂಡೆ ಬೇಯಿಸಿ, ಬಿಸಿಬಿಸಿ ಇರುವಾಗಲೇ ಒತ್ತಿದರು. ಮಗಳು ಹಿಡಿ ತಿರುಗಿಸಿದಳು. ನೆಂಗ್‌ಮ್ಯೊನ್ ಎಳೆಯನ್ನೂ ಹೀಗೇ ಒತ್ತುತ್ತಾರೆ ಅಂತ ಅಮ್ಮನಿಗೆ ಹೇಳಿದೆ. ಅಲ್ಲಿ ಒರಳನ್ನು ಕುದಿಯುವ ಹಂಡೆಯ ಮೇಲೇ ಇಟ್ಟು, ಎಳೆ ಸೀದಾ ನೀರಿಗೆ ಬೀಳುವ ಹಾಗೆ ಮಾಡುತ್ತಾರೆ. "ಹಾಗಾದ್ರೆ ಅವರಿಗೂ ಗೊತ್ತು ಬಿಡು" ಅಂದರು.

ಕಲಸಿಕೊಟ್ಟದ್ದು ಕೆಂಪಗಿತ್ತು, ಅಷ್ಟೇ. ಎಳೆ ಮೆತ್ತಗೆ, ಹುಳಿ ಬೇರೆ, ಸಿಹಿ ಬೇರೆ. ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು.

ವಾಪಸ್ ಬಂದ ಮೇಲೆ ಹಲ್ಮೊನಿಗೆ ಇದನ್ನೆಲ್ಲ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರಮ್ಮನ ಕಥೆ ಹೇಳಿದರು. ಅವರಮ್ಮ ಈಗಿನ ಉತ್ತರ ಕೊರಿಯಾದ ಹಾಮ್‌ಹುಂಗ್ ಕಡೆಯವರು. 1950ರ ಡಿಸೆಂಬರ್‌ನಲ್ಲಿ ಹುಂಗ್‌ನಾಮ್ ಬಂದರಿನಿಂದ ಹಡಗು ಹತ್ತಿ ದಕ್ಷಿಣಕ್ಕೆ ಬಂದವರು, ಕೊನೆಗೆ ಬುಸಾನ್ ಸೇರಿದರು. ಕೊರಿಯಾ ಯುದ್ಧದ ಕಾಲ. ಊರಿನ ನೆಂಗ್‌ಮ್ಯೊನ್ ಬೇಕು ಅನಿಸಿದರೆ ಅದಕ್ಕೆ ಬೇಕಾದ ಆಲೂಗಡ್ಡೆಯ ಪಿಷ್ಟ ಸಾಲದು, ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟೂ ಇಲ್ಲ. ಅಮೆರಿಕದ ನೆರವಿನಿಂದ ಗೋಧಿಹಿಟ್ಟು ಮಾತ್ರ ಬರುತ್ತಿತ್ತು. ನಿರಾಶ್ರಿತರು ಅದರಲ್ಲೇ ಎಳೆ ಮಾಡಿದರು. ಅದೇ ಇವತ್ತಿನ ಬುಸಾನ್ ಮಿಲ್‌ಮ್ಯೊನ್. ಸೊಕ್ಚೋ ಊರಿನ ಅಬಾಯ್ ಹಳ್ಳಿಯೂ ಅಂಥವರದೇ. ಯುದ್ಧ ಮುಗಿದ ಕೂಡಲೇ ಊರಿಗೆ ಹೋಗುತ್ತೇವೆ ಅಂದುಕೊಂಡು ಗಡಿಗೆ ಹತ್ತಿರವಾಗಿ ಕಡಲ ದಂಡೆಯ ಮರಳ ಮೇಲೇ ಗುಡಿಸಲು ಹಾಕಿಕೊಂಡು ಉಳಿದವರು.

"ಅಮ್ಮ ಸಾಯುವವರೆಗೂ ಮಿಲ್‌ಮ್ಯೊನ್ ತಿನ್ನುವಾಗೆಲ್ಲ 'ಇದು ಅದಲ್ಲ' ಅನ್ನುತ್ತಿದ್ದಳು. ನನಗೆ ಈಗ ಅಮ್ಮನ ನೆನಪಾದರೆ ಬೇಕು ಅನಿಸೋದು ಮಿಲ್‌ಮ್ಯೊನೇ" ಅಂದರು ಹಲ್ಮೊನಿ. ಮನೆಗೆ ಹೊರಟಾಗ ನಾನು ತಂದಿದ್ದ ಬ್ಯಾಡಗಿ ಪುಡಿಯಲ್ಲಿ ಅರ್ಧ ಕೇಳಿ ತೆಗೆದುಕೊಂಡು ಹೋದರು.

ಸರಿ, ಹೊತ್ತಾಯಿತು, ಪ್ರಕಟಣೆಗಳನ್ನು ಬೇಗ ಹೇಳಿಬಿಡುತ್ತೇನೆ. ಗಣೇಶನ ಪೂಜೆ ಹಬ್ಬದ ನಂತರದ ಭಾನುವಾರ ಬೆಳಗ್ಗೆ 10ಕ್ಕೆ, ಹೋದ ವರ್ಷದ ಸಭಾಂಗಣದಲ್ಲೇ. ಒಳಗೆ ಕರ್ಪೂರ ಹಚ್ಚಲು ಅನುಮತಿ ಇಲ್ಲ, ಮಂಗಳಾರತಿ ಹೊರಗಡೆ. ಮಣ್ಣಿನ ಗಣಪನನ್ನು ಬಕೆಟ್‌ನಲ್ಲೇ ವಿಸರ್ಜನೆ ಮಾಡುತ್ತೇವೆ, ಮಣ್ಣು ಬೇಕಾದವರು ಕುಂಡಕ್ಕೆ ಒಯ್ಯಬಹುದು. ಕಡುಬಿಗೆ ಐದು ಮನೆ ಒಪ್ಪಿವೆ, ಇನ್ನೂ ಮೂರು ಬೇಕು. ಮಕ್ಕಳ ಕನ್ನಡ ತರಗತಿ ಸೆಪ್ಟೆಂಬರ್ ಎರಡನೇ ಶನಿವಾರದಿಂದ ಮತ್ತೆ ಶುರು. ಚುಸೊಕ್ (ಕೊರಿಯಾದ ಸುಗ್ಗಿ ಹಬ್ಬ) ವಾರ ತರಗತಿ ಇಲ್ಲ. ಊರಿಗೆ ವಾಪಸ್ ಹೊರಟಿರುವ ಒಂದು ಕುಟುಂಬ ಗ್ರೈಂಡರ್, ಇಡ್ಲಿ ಪಾತ್ರೆ, ಎರಡು ಚೀಲ ಕನ್ನಡ ಪುಸ್ತಕ ಕೊಡುತ್ತಿದೆ, ಬೇಕಾದವರು ಗುಂಪಿನಲ್ಲಿ ತಿಳಿಸಿ. ರಾಜ್ಯೋತ್ಸವದ ನಾಟಕಕ್ಕೆ ಹೆಸರು ಕೊಡಲು ತಿಂಗಳ ಕೊನೆಯೇ ಗಡುವು. ವಾರ್ಷಿಕ ಚಂದಾ ಬಾಕಿ ಇರುವವರು ದಯವಿಟ್ಟು ಕಟ್ಟಿ, ಸಭಾಂಗಣದ ಮುಂಗಡ ನಮ್ಮ ಕೈಯಿಂದ ಹೋಗಿದೆ.

ಇನ್ನೊಂದು ಮಾತು. ಈ ಪತ್ರಿಕೆಯನ್ನು ನಾಲ್ಕು ವರ್ಷದಿಂದ ಇಬ್ಬರೇ ಮಾಡುತ್ತಿದ್ದೇವೆ. ಟೈಪ್ ಮಾಡಲು, ಕರಡು ತಿದ್ದಲು ಯಾರಾದರೂ ತಿಂಗಳಿಗೆ ಎರಡು ಸಂಜೆ ಕೊಟ್ಟರೆ ಸಾಕು. ನಿಜವಾಗಿ ಬೇಕಾಗಿದೆ.

ಕೊನೆಯದು ನನ್ನ ಸ್ವಂತದ್ದು. ಇವತ್ತು ರಾತ್ರಿ ಎಲ್ಲ ಸರಿಯಾಗಿಯೇ ಮಾಡಿದ್ದೆ. ಹಲ್ಮೊನಿಯ ಗೊಚುಜಾಂಗ್, ಮೂರು ಸಲ ಉಜ್ಜಿ ತೊಳೆದ ಎಳೆ, ಐಸ್ ನೀರು. ಮಗಳು ಪೂರ್ತಿ ತಿಂದು, ತಟ್ಟೆ ಸಿಂಕಿಗೆ ಇಟ್ಟು ಬಂದು, "ಅಮ್ಮಾ, ಅಜ್ಜಿ ಗುಕ್ಸು ಯಾವಾಗ ಮಾಡ್ತೀಯ?" ಅಂದಳು.

ನನ್ನ ಹತ್ತಿರ ಒರಳಿಲ್ಲ. ಯಾರ ಮನೆಯಲ್ಲಾದರೂ ಶ್ಯಾವಿಗೆ ಒರಳಿದ್ದರೆ ಪೂಜೆಯ ದಿನ ತನ್ನಿ. ಚಕ್ಕುಲಿ ಒರಳಾದರೂ ನಡೆಯುತ್ತದೆ, ಸಣ್ಣ ತೂತಿನ ಬಿಲ್ಲೆ ಇರಬೇಕು. ಹಲ್ಮೊನಿಯೂ ಬರುತ್ತಾರೆ. ಅಕ್ಕಿಹಿಟ್ಟು, ಕಾಯಿಹಾಲು ನಾನು ತರುತ್ತೇನೆ.